ಪಿಕೋಮೋಲಾರ್ ಬಂತು ಎನ್ನುವ ಮುನ್ನ

ಹೊಸ ಆಂಟಿಬಾಡಿ ಕ್ಲೋನ್‌ಗಳ ಪಟ್ಟಿ ಹಿಡಿದು ಬರುವವರು ಮೊದಲು ತೋರಿಸುವುದು ಕೆಡಿಯನ್ನು, ಅಂದರೆ ಆಂಟಿಬಾಡಿ ತನ್ನ ಗುರಿಯಾದ ಆಂಟಿಜೆನ್ನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬ ಅಳತೆಯನ್ನು. ಸಂಖ್ಯೆ ಸಣ್ಣದಾದಷ್ಟೂ ಹಿಡಿತ ಬಿಗಿ. ‘ಪಿಕೋಮೋಲಾರ್ ಬಂದಿದೆ, ನೋಡಿ!’ ನಾನು ತಿರುಗಿ ಕೇಳುವುದು ಒಂದೇ: ಹಿಡಿತ ಅಳೆಯುವ ಯಂತ್ರದ ಚಿಪ್ ಮೇಲೆ ಕೂರಿಸಿದ್ದು ಯಾವುದನ್ನು, ಹರಿಯಬಿಟ್ಟದ್ದು ಯಾವುದನ್ನು? ‘ಆಂಟಿಜೆನ್ ಕೂರಿಸಿ ಐಜಿಜಿ (ಇಡೀ ಆಂಟಿಬಾಡಿ) ಹರಿಸಿದೆವು’ ಎಂಬ ಉತ್ತರ ಬಂದರೆ ಆ ಸಂಖ್ಯೆಯ ಮೇಲಿನ ನಂಬಿಕೆ ನನಗೆ ಅಲ್ಲಿಗೇ ಅರ್ಧ ಹೋಗುತ್ತದೆ.

ಐಜಿಜಿಗೆ ಎರಡು ತೋಳು ಎಂಬುದು ಎಲ್ಲರಿಗೂ ಗೊತ್ತು. ಅಳೆಯಲು ಕೂತಾಗ ಮಾತ್ರ ಮರೆತುಹೋಗುತ್ತದೆ. ಚಿಪ್ ಮೇಲೆ ಆಂಟಿಜೆನ್ ಒತ್ತೊತ್ತಾಗಿದ್ದರೆ ಒಂದೇ ಆಂಟಿಬಾಡಿ ಅಕ್ಕಪಕ್ಕದ ಎರಡನ್ನು ಹಿಡಿದುಕೊಳ್ಳುತ್ತದೆ. ಎರಡೂ ಕೈಯಿಂದ ಕೊಂಬೆಗೆ ಜೋತುಬಿದ್ದವನು ಒಂದು ಕೈ ಜಾರಿದರೂ ಬೀಳುವುದಿಲ್ಲ, ಜಾರಿದ ಕೈ ಮತ್ತೆ ಕೊಂಬೆಗೆ ಹೋಗುತ್ತದೆ; ಇಲ್ಲೂ ಹಾಗೆಯೇ. ಬಿಟ್ಟುಹೋಗುವ ವೇಗ ಇಳಿದಂತೆ ಕಾಣುತ್ತದೆ. ಕೆಡಿ ಅಂದರೆ ಬಿಟ್ಟುಹೋಗುವ ವೇಗವನ್ನು ಕೂಡಿಕೊಳ್ಳುವ ವೇಗದಿಂದ ಭಾಗಿಸಿದ್ದು ತಾನೇ? ಹಾಗಾಗಿ ಅದು ನೂರು ಪಟ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಬಿಗಿಯಾಗಿ ಕಾಣಬಹುದು. ಅದು ಒಂದು ತೋಳಿನ ಹಿಡಿತವಾದ ಅಫಿನಿಟಿಯಲ್ಲ, ಎರಡೂ ತೋಳು ಸೇರಿದ ಹಿಡಿತವಾದ ಅವಿಡಿಟಿ. ಚಿಪ್ ಮೇಲಿನ ಆಂಟಿಜೆನ್ ಕಡಿಮೆ ಮಾಡಿ ಮತ್ತೆ ಅಳೆಯಿರಿ, ಸಂಖ್ಯೆ ಬೇರೆಯೇ ಬರುತ್ತದೆ. ಒಂದು ತೋಳಿನ ಹಿಡಿತ ನಾವು ಚಿಪ್ ತುಂಬಿದ ರೀತಿಗೆ ತಕ್ಕಂತೆ ಬದಲಾಗಲು ಹೇಗೆ ಸಾಧ್ಯ?

ಒಂದು ತೋಳಿನ ಹಿಡಿತ ಅಳೆಯಬೇಕಾದರೆ ಆಂಟಿಬಾಡಿಯನ್ನು ಚಿಪ್ ಮೇಲೆ ಹಿಡಿದಿಟ್ಟು ಒಂಟಿ ಆಂಟಿಜೆನ್ ಹರಿಸಿ. ಇಲ್ಲವೇ ಆಂಟಿಬಾಡಿಯ ಒಂದೇ ತೋಳಿನ ತುಣುಕಾದ ಫ್ಯಾಬ್ ಬಳಸಿ. ‘ಒಂಟಿ’ ಎಂದು ಒತ್ತಿ ಹೇಳಲು ಕಾರಣವಿದೆ. ಒಬ್ಬ ಹುಡುಗಿ ಹೀಗೆ ತಿರುಗಿಸಿ ಅಳೆದೂ ಪಿಕೋಮೋಲಾರ್ ತಂದಳು. ಆಂಟಿಜೆನ್ ಟ್ಯೂಬಿನ ಲೇಬಲ್ ಓದಿದರೆ ಎಫ್‌ಸಿ ಟ್ಯಾಗ್, ಅಂದರೆ ಬಾಲಕ್ಕೆ ಆಂಟಿಬಾಡಿಯ ಬುಡದ ತುಂಡು ಅಂಟಿಸಿದ್ದು! ಎಫ್‌ಸಿ ಇದ್ದಲ್ಲಿ ಪ್ರೋಟೀನು ಜೋಡಿಯಾಗಿಯೇ ಇರುತ್ತದೆ. ಹಿಸ್ ಎಂಬ ಪುಟ್ಟ ಟ್ಯಾಗ್‌ನ ಒಂಟಿ ಪ್ರೋಟೀನು ತರಿಸಿ ಅಳೆದಾಗ ಬಂದದ್ದು ಹತ್ತಾರು ನ್ಯಾನೋಮೋಲಾರ್ (ಒಂದು ನ್ಯಾನೋಮೋಲಾರ್ ಎಂದರೆ ಸಾವಿರ ಪಿಕೋಮೋಲಾರ್). ಅವಳ ಮುಖ ಬಾಡಿತು. ಆದರೆ ಜೀವಕೋಶಗಳ ಮೇಲೆ ಆ ಕ್ಲೋನ್ ಸೊಗಸಾಗಿ ಕೆಲಸ ಮಾಡುತ್ತಿತ್ತು. ಅಲ್ಲಿ ಗುರಿ ಪ್ರೋಟೀನು ದಟ್ಟವಾಗಿತ್ತು, ಎರಡೂ ತೋಳಿಗೆ ಹಿಡಿಯಲು ಸಿಗುತ್ತಿತ್ತು. ಕ್ಲೋನನ್ನು ಕೈಬಿಡಬೇಕಾಗಿರಲಿಲ್ಲ, ಸಂಖ್ಯೆಯನ್ನು ಮಾತ್ರ ಸರಿಪಡಿಸಬೇಕಿತ್ತು.

ಹಿಡಿತ ಬಿಟ್ಟು ಸಿಗ್ನಲ್ ಇಳಿಯುವುದನ್ನು ನೋಡುತ್ತಾ ಕಾಯುವ ಸಮಯದ ವಿಷಯವೂ ಇದೆ. ಬಿಟ್ಟುಹೋಗುವ ವೇಗ ಸೆಕೆಂಡಿಗೆ 0.00001 ಎಂದು ಬರೆದವರು ಐದೇ ನಿಮಿಷ ನೋಡಿದ್ದರೆ, ಅಷ್ಟರಲ್ಲಿ ಸಿಗ್ನಲ್ ಇಳಿದಿರುವುದು ಶೇ 0.3. ಯಂತ್ರದ ಬೇಸ್‌ಲೈನ್ (ತಳರೇಖೆ) ಅಲುಗಾಟದಲ್ಲೇ ಅದು ಮುಳುಗಿಹೋಗುತ್ತದೆ. ಸಾಫ್ಟ್‌ವೇರ್ ಮಾತ್ರ ಯಾವುದೋ ಒಂದು ಸಂಖ್ಯೆ ಕೊಟ್ಟೇ ಕೊಡುತ್ತದೆ. ಶೇ 5ರಷ್ಟಾದರೂ ಇಳಿಯಬೇಕಾದರೆ ಸುಮಾರು 85 ನಿಮಿಷ ಕಾಯಬೇಕು.

ಇನ್ನು, ಬಿಗಿಯಾದಷ್ಟೂ ಒಳ್ಳೆಯ ಔಷಧ ಎಂಬ ನಂಬಿಕೆ. ಶ್ವಾಸಕೋಶಕ್ಕೆ ತಗಲುವ ಆರ್‌ಎಸ್‌ವಿ ವೈರಸ್ಸಿನ ವಿರುದ್ಧದ ಆಂಟಿಬಾಡಿ ಔಷಧ ಪಾಲಿವಿಜುಮಾಬ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1998ರಲ್ಲಿ ಒಪ್ಪಿಗೆ ಕೊಟ್ಟಿತು. ಅದರಿಂದಲೇ ಬೆಳೆಸಿದ, ಹಿಡಿತ ಹತ್ತಾರು ಪಟ್ಟು ಬಿಗಿಯಾದ ಮೋಟಾವಿಜುಮಾಬ್‌ಗೆ 2010ರಲ್ಲಿ ಒಪ್ಪಿಗೆ ಸಿಗಲಿಲ್ಲ. ಚರ್ಮದ ಅಲರ್ಜಿಗಳು ಹೆಚ್ಚು ಕಂಡಿದ್ದವು. ಬಿಗಿತವೇ ಅದಕ್ಕೆ ಕಾರಣ ಎನ್ನುತ್ತಿಲ್ಲ. ಬಿಗಿತವೊಂದೇ ಅದನ್ನು ದಡ ಸೇರಿಸಲಿಲ್ಲ ಎಂದಷ್ಟೇ. ಮಿದುಳಿಗೆ ಔಷಧ ದಾಟಿಸಲು ರಕ್ತನಾಳದ ಗೋಡೆಯ ಮೇಲಿನ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಎಂಬ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿಗಳಲ್ಲಂತೂ ತೀರಾ ಬಿಗಿಯಾದದ್ದು ರಕ್ತನಾಳದ ಗೋಡೆಯಲ್ಲೇ ಸಿಕ್ಕಿಕೊಳ್ಳುತ್ತದೆ, ತುಸು ಸಡಿಲವಾದದ್ದು ಹೆಚ್ಚು ಒಳಗೆ ಹೋಗುತ್ತದೆ.

ಪಟ್ಟಿ ತರುವಾಗ ಕೆಡಿಯ ಪಕ್ಕದಲ್ಲೇ ಇಷ್ಟು ಬರೆದು ತನ್ನಿ: ಕೂರಿಸಿದ್ದೇನು, ಹರಿಸಿದ್ದೇನು, ಆಂಟಿಜೆನ್‌ಗೆ ಯಾವ ಟ್ಯಾಗ್, ಎಷ್ಟು ಹೊತ್ತು ಕಾದಿರಿ, ಯಾವ ಉಷ್ಣಾಂಶದಲ್ಲಿ. 25 ಡಿಗ್ರಿಯಲ್ಲಿ ಅಳೆದದ್ದನ್ನೂ 37ರಲ್ಲಿ ಅಳೆದದ್ದನ್ನೂ ಒಂದೇ ಸಾಲಿಗೆ ತಂದು ರ್‍ಯಾಂಕ್ ಕೊಡಬೇಡಿ. ರಾತ್ರಿಯಿಡೀ ಯಂತ್ರ ಬೇಕಿದ್ದರೆ ಮೊದಲೇ ಹೇಳಿ, ಹೊಂದಿಸಿಕೊಡುತ್ತೇನೆ.