ತ್ರಿಕೋನಕ್ಕೆ ಸಿಟ್ಟು ಬರುವುದು ಹೇಗೆ?

1986ರ ಆಗಸ್ಟ್. ಅಮೆರಿಕದ ಡಲ್ಲಾಸ್‌ನಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞರ ಸಮ್ಮೇಳನ. ಆಗಷ್ಟೇ ಕಣ್ಣು ಬಿಟ್ಟಿದ್ದ ಪಿಕ್ಸಾರ್ ಕಂಪನಿಯ ಜಾನ್ ಲ್ಯಾಸೆಟರ್ ಅಲ್ಲಿ ಎರಡು ನಿಮಿಷದ ಚಿತ್ರವೊಂದನ್ನು ತೋರಿಸಿದರು. ಒಂದು ದೊಡ್ಡ ಟೇಬಲ್ ಲ್ಯಾಂಪು, ಒಂದು ಚಿಕ್ಕ ಟೇಬಲ್ ಲ್ಯಾಂಪು, ಆಡಲು ಒಂದು ಚೆಂಡು, ಅಷ್ಟೇ. ಚಿತ್ರ ಮುಗಿದ ಮೇಲೆ ಆ ಕ್ಷೇತ್ರದ ಘಟಾನುಘಟಿ ಜಿಮ್ ಬ್ಲಿನ್ ಲ್ಯಾಸೆಟರ್ ಹತ್ತಿರ ಬಂದರು. ನೆರಳು ಬೀಳಿಸುವ ಅಲ್ಗಾರಿದಮ್ ಬಗ್ಗೆ ಏನು ಕೇಳಿಬಿಡುತ್ತಾರೋ ಎಂದು ಇವರಿಗೆ ಅಳುಕು. ಬ್ಲಿನ್ ಕೇಳಿದ್ದು ಬೇರೆಯೇ: ಆ ದೊಡ್ಡ ಲ್ಯಾಂಪು ಅಮ್ಮನೋ, ಅಪ್ಪನೋ?

ಪರದೆಯ ಮೇಲಿನ ಲ್ಯಾಂಪು ಬರೀ ಸಮೀಕರಣಗಳ ಮೊತ್ತ ಎಂಬುದು ಆ ಸಭೆಯಲ್ಲಿ ಬ್ಲಿನ್‌ಗಿಂತ ಚೆನ್ನಾಗಿ ಗೊತ್ತಿದ್ದವರು ಕಡಿಮೆ. ಆದರೂ ಅವರಿಗೆ ಕಂಡದ್ದು ಒಂದು ಸಂಸಾರ. ಕಣ್ಣಿಲ್ಲ, ಬಾಯಿಲ್ಲ, ಮಾತಿಲ್ಲ. ಲ್ಯಾಸೆಟರ್‌ಗೆ ಈ ವಿದ್ಯೆ ಹೊಸದಲ್ಲ. ಕ್ಯಾಲಿಫೋರ್ನಿಯಾ ಇನ್‌ಸ್ಟಿಟ್ಯೂಟ್ ಆಫ್ ದಿ ಆರ್ಟ್ಸ್‌ನಲ್ಲಿ ಓದುತ್ತಿದ್ದಾಗ, 1979ರಲ್ಲಿ, ಕೈಯಲ್ಲೇ ಬರೆದು ಮಾಡಿದ ಕಿರುಚಿತ್ರದಲ್ಲೂ ಲ್ಯಾಂಪುಗಳೇ ಪಾತ್ರಧಾರಿಗಳು. ಅದಕ್ಕೆ ವಿದ್ಯಾರ್ಥಿಗಳಿಗೆಂದೇ ಇರುವ ಅಕಾಡೆಮಿ ಪ್ರಶಸ್ತಿಯೂ ಬಂದಿತ್ತು.

ಕಾಲೇಜು ಹುಡುಗ ಹುಡುಗಿಯರ ಅನಿಮೇಷನ್, ಮೊಬೈಲ್ ವಿಡಿಯೋ, ಚಿತ್ರಸರಣಿಗಳನ್ನು ನೋಡಿ ಅಭಿಪ್ರಾಯ ಹೇಳುವ ಕುರ್ಚಿಯಲ್ಲಿ ಆಗಾಗ ಕೂರುವವನು ನಾನು. ನನ್ನ ತಕರಾರು ಒಂದೇ. ನೋಡುವವರ ಮಿದುಳು ಪುಕ್ಕಟೆ ಮಾಡಿಕೊಡುವ ಕೆಲಸಕ್ಕಾಗಿ ಇವರು ರಾತ್ರಿಯೆಲ್ಲ ನಿದ್ದೆಗೆಡುತ್ತಾರೆ. ಮಿದುಳು ಬಾಯಿಬಿಟ್ಟು ಕೇಳುವುದನ್ನು ಮಾತ್ರ ಕೊಡುವುದಿಲ್ಲ.

ಪುಕ್ಕಟೆ ಸಿಗುವುದು ಎಷ್ಟು ಎಂಬುದಕ್ಕೆ 1944ರ ಒಂದು ಪ್ರಯೋಗ ಸಾಕು. ಅಮೆರಿಕದ ಸ್ಮಿತ್ ಕಾಲೇಜಿನ ಮನಶ್ಶಾಸ್ತ್ರಜ್ಞರಾದ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಕತ್ತರಿಸಿದ ಆಕೃತಿಗಳನ್ನು ಇಷ್ಟಿಷ್ಟೇ ಸರಿಸುತ್ತ, ಒಂದೊಂದೇ ಫ್ರೇಮು ತೆಗೆದು ಪುಟ್ಟ ಚಿತ್ರವೊಂದನ್ನು ಮಾಡಿದರು. ಒಂದು ದೊಡ್ಡ ತ್ರಿಕೋನ, ಒಂದು ಚಿಕ್ಕ ತ್ರಿಕೋನ, ಒಂದು ವೃತ್ತ. ನಡುವೆ ಬಾಗಿಲಿನಂತೆ ತೆರೆದು ಮುಚ್ಚುವ ಒಂದು ಗೆರೆಯಿರುವ ಆಯತ. ಮೂರೂ ಆಕೃತಿಗಳು ಅತ್ತಿತ್ತ ಓಡಾಡುತ್ತವೆ, ಒಂದಕ್ಕೊಂದು ತಾಗುತ್ತವೆ, ಆಯತದ ಒಳಕ್ಕೆ ಹೋಗಿ ಬರುತ್ತವೆ. ಮೊದಲ ಗುಂಪಿನ 34 ವಿದ್ಯಾರ್ಥಿನಿಯರಿಗೆ ಇದನ್ನು ತೋರಿಸಿ, ಕಂಡದ್ದನ್ನು ಬರೆಯಿರಿ ಎಂದರು. ಜ್ಯಾಮಿತಿಯ ಭಾಷೆಯಲ್ಲಿ ಬರೆದವಳು ಒಬ್ಬಳೇ. ಉಳಿದವರೆಲ್ಲ ಬರೆದದ್ದು ಕಥೆ: ದೊಡ್ಡ ತ್ರಿಕೋನ ರೌಡಿ, ಚಿಕ್ಕದು ಧೈರ್ಯವಂತ, ವೃತ್ತ ಪುಕ್ಕಲು.

ಈ ಚಿತ್ರ ಇಂಟರ್ನೆಟ್‌ನಲ್ಲಿದೆ, ನೋಡಿ. ತ್ರಿಕೋನಕ್ಕೆ ಹುಬ್ಬಿಲ್ಲ, ಆದರೆ ಸಿಟ್ಟು ಎದ್ದು ಕಾಣುತ್ತದೆ. ಕಾರಣ, ಅದು ಸುಮ್ಮನೆ ಚಲಿಸುವುದಿಲ್ಲ. ಇನ್ನೊಂದರ ಚಲನೆಗೆ ಉತ್ತರವಾಗಿ ಚಲಿಸುತ್ತದೆ. ವೃತ್ತ ಸರಿದರೆ ಇದು ಹಿಂದೆಯೇ ಸರಿಯುತ್ತದೆ. ಅದು ಮೂಲೆ ಸೇರಿದರೆ ಇದು ವೇಗ ತಗ್ಗಿಸಿ ಹತ್ತಿರವಾಗುತ್ತದೆ. ಯಾರಿಗೋ ಏನೋ ಬೇಕಾಗಿದೆ, ಇನ್ಯಾರೋ ಅಡ್ಡ ಬರುತ್ತಿದ್ದಾರೆ ಎಂಬುದಿಷ್ಟು ಚಲನೆಯಲ್ಲಿ ಸಿಕ್ಕರೆ ಮಿಕ್ಕಿದ್ದನ್ನು ಮಿದುಳೇ ತುಂಬಿಕೊಳ್ಳುತ್ತದೆ. ಹಾಗಿರುವಾಗ ನಾಯಕಿಯ ರೆಪ್ಪೆಗೂದಲಿಗೆ ಒಂದು ವಾರ ಸುರಿದು, ಅವಳು ಕೋಣೆಯೊಳಗೆ ಬಂದದ್ದೇಕೆ ಎಂಬುದನ್ನೇ ಯೋಚಿಸದ ಚಿತ್ರ ನೋಡಿದಾಗ ಸಂಕಟವಾಗುತ್ತದೆ.

ಇದನ್ನು ಸೊಗಸಾಗಿ ಬಳಸಿಕೊಂಡ ವಿದ್ಯಾರ್ಥಿಗಳೂ ಇದ್ದಾರೆ. 2017ರಲ್ಲಿ ಫ್ಲಾರಿಡಾದ ರಿಂಗ್ಲಿಂಗ್ ಕಾಲೇಜಿನ ಎಸ್ಟೆಬಾನ್ ಬ್ರಾವೊ ಮತ್ತು ಬೆತ್ ಡೇವಿಡ್ ಓದು ಮುಗಿಸುವ ವರ್ಷ ಮಾಡಿದ ನಾಲ್ಕು ನಿಮಿಷದ ‘ಇನ್ ಎ ಹಾರ್ಟ್‌ಬೀಟ್’ನಲ್ಲಿ ಒಂದೂ ಸಂಭಾಷಣೆಯಿಲ್ಲ. ಸಹಪಾಠಿಯೊಬ್ಬನನ್ನು ಮೆಚ್ಚಿದ ಹುಡುಗನೊಬ್ಬನ ಹೃದಯ ಎದೆಯಿಂದ ಹೊರಗೆ ಹಾರಿ ಆ ಸಹಪಾಠಿಯ ಬೆನ್ನು ಹತ್ತುತ್ತದೆ. ಹುಡುಗನಿಗೆ ಅದನ್ನು ಮುಚ್ಚಿಡಬೇಕು, ಹೃದಯಕ್ಕೆ ಮುಂದಕ್ಕೆ ಹೋಗಬೇಕು. ಒಂದೇ ಮನಸ್ಸಿನ ಎರಡು ಆಸೆಗಳನ್ನು ಎರಡು ದೇಹ ಮಾಡಿ ಎದುರುಬದುರು ಎಳೆದಾಡಲು ಬಿಟ್ಟದ್ದೇ ಇವರ ಜಾಣತನ. ಹುಡುಗ ಕಿಟಕಿ ಪಕ್ಕ ಕೂತು ನಿಟ್ಟುಸಿರು ಬಿಡುತ್ತಾನೆ ಎಂದು ಬರೆದಿದ್ದರೆ ಅದು ಇನ್ನೊಂದು ಕಾಲೇಜು ಚಿತ್ರವಾಗುತ್ತಿತ್ತು.

ಇನ್ನು ಮಿದುಳು ಕೇಳುವ ಲೆಕ್ಕ. ಮೊದಲನೆಯದು ಸಮಯ.

ಬೆಲ್ಜಿಯಂನ ಲೂವೆನ್‌ನಲ್ಲಿ ಆಲ್ಬರ್ಟ್ ಮಿಶೋಟ್ ಎಂಬ ಮನಶ್ಶಾಸ್ತ್ರಜ್ಞರು ತಿರುಗುವ ತಟ್ಟೆಗಳ ಮೇಲೆ ಗೆರೆ ಬರೆದು, ಸೀಳೊಂದರ ಮೂಲಕ ಜನರಿಗೆ ತೋರಿಸುತ್ತಿದ್ದರು. ಕಾಣುವುದು ಎರಡು ಚೌಕಗಳು. ಮೊದಲನೆಯದು ಬಂದು ಎರಡನೆಯದಕ್ಕೆ ತಾಗಿ ನಿಲ್ಲುತ್ತದೆ; ಎರಡನೆಯದು ಹೊರಡುತ್ತದೆ. ತಾಗಿದ ಕೂಡಲೇ ಹೊರಟರೆ ‘ಇದು ಅದನ್ನು ತಳ್ಳಿತು’ ಎಂದು ಕಾಣುತ್ತದೆ. ನಡುವೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾದರೂ ಸಂಬಂಧ ಕಡಿದುಹೋಗುತ್ತದೆ, ಎರಡನೆಯದು ತಾನಾಗಿಯೇ ಎದ್ದು ಹೋದಂತೆ ಕಾಣುತ್ತದೆ. ಮಿಶೋಟ್ ಇದನ್ನೆಲ್ಲ 1946ರಲ್ಲಿ ಪುಸ್ತಕವಾಗಿ ತಂದರು.

ಅನಿಮೇಷನ್ ಮಾಡುವವರು ಈ ಸಂಖ್ಯೆಯನ್ನು ಫ್ರೇಮಿಗೆ ಇಳಿಸಿ ನೋಡಬೇಕು. ಸಿನಿಮಾ ಸೆಕೆಂಡಿಗೆ 24 ಫ್ರೇಮು. ಐದನೇ ಒಂದು ಭಾಗ ಎಂದರೆ ಐದು ಫ್ರೇಮಿಗೂ ಕಡಿಮೆ. ಕೈಯಲ್ಲಿ ಬರೆಯುವವರು ಶ್ರಮ ಉಳಿಸಲು ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮು ನಿಲ್ಲಿಸುವುದು ರೂಢಿ. ಆ ಲೆಕ್ಕದಲ್ಲಿ ಎರಡು ಮೂರು ಚಿತ್ರ ಹೆಚ್ಚಾದರೆ ಹೊಡೆತ ಹೊಡೆತವಾಗಿ ಉಳಿಯುವುದಿಲ್ಲ. ಜಗಳದ ದೃಶ್ಯಗಳು ಅದೇಕೋ ‘ಸಪ್ಪೆ’ ಎನ್ನಿಸಿದಾಗ ಮಕ್ಕಳು ಕ್ಯಾಮೆರಾ ಅಲುಗಾಡಿಸುತ್ತಾರೆ, ಢಂ ಎಂಬ ಸದ್ದು ಸೇರಿಸುತ್ತಾರೆ. ಯೂಟ್ಯೂಬ್‌ನಲ್ಲಿ ವಿಡಿಯೋ ನಿಲ್ಲಿಸಿ ಕೀಬೋರ್ಡಿನ ಪೂರ್ಣವಿರಾಮದ ಗುಂಡಿ ಒತ್ತಿದರೆ ಒಂದೊಂದೇ ಫ್ರೇಮು ಮುಂದೆ ಹೋಗುತ್ತದೆ, ಅಲ್ಪವಿರಾಮ ಒತ್ತಿದರೆ ಹಿಂದೆ. ಮುಷ್ಟಿ ಕೆನ್ನೆಗೆ ತಾಗಿದ ಫ್ರೇಮು, ಕೆನ್ನೆ ಅಲುಗಿದ ಫ್ರೇಮು, ಎರಡರ ನಡುವೆ ಎಣಿಸಿ. ಬಹಳ ಸಲ ರೋಗ ಅಲ್ಲೇ ಸಿಗುತ್ತದೆ.

ಎರಡನೆಯದು ಕಣ್ಣಿನ ಬಡತನ. ನಾವು ಸ್ಪಷ್ಟವಾಗಿ ಕಾಣುವುದು ತೋಳು ಚಾಚಿ ಹಿಡಿದ ಹೆಬ್ಬೆರಳಿನ ಅಗಲದಷ್ಟು ಜಾಗವನ್ನು ಮಾತ್ರ. ಉಳಿದದ್ದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತಲೇ ಇರುತ್ತದೆ. ಪರದೆಯ ಮೇಲೆ ಎರಡು ಕಡೆ ಒಟ್ಟಿಗೆ ಏನಾದರೂ ನಡೆದರೆ ಒಂದು ತಪ್ಪಿಹೋಗುವುದು ಖಚಿತ. ಲ್ಯಾಂಪಿನ ಚಿತ್ರ ಶುರುವಾಗುವುದು ದೊಡ್ಡ ಲ್ಯಾಂಪು ಒಂದರಿಂದಲೇ. ಚೆಂಡು ಉರುಳಿ ಬರುತ್ತದೆ, ಚಿಕ್ಕ ಲ್ಯಾಂಪು ಬರುವುದು ಆಮೇಲೆ. ಒಂದು ಕುಣಿಯುವಾಗ ಇನ್ನೊಂದು ಹೆಚ್ಚುಕಡಿಮೆ ಸ್ತಬ್ಧ. ಇದೇ ಚಿತ್ರದ ಇನ್ನೊಂದು ಸೂಕ್ಷ್ಮ ನನಗೆ ಬಲು ಇಷ್ಟ. ಮರಿ ಲ್ಯಾಂಪು ಮಾಡಲು ದೊಡ್ಡದನ್ನು ಹಾಗೇ ಕುಗ್ಗಿಸಲಿಲ್ಲ. ಬಲ್ಬನ್ನು ಅದೇ ಗಾತ್ರದಲ್ಲಿ ಬಿಟ್ಟರು, ಯಾಕೆಂದರೆ ಬಲ್ಬು ಅಂಗಡಿಯಿಂದ ತರುವ ವಸ್ತು, ಅದು ಲ್ಯಾಂಪಿನೊಂದಿಗೆ ಬೆಳೆಯುವುದಿಲ್ಲ!

ನಿಶ್ಚಲ ಚಿತ್ರಕ್ಕೂ ಈ ಜಿಗಿತದ ನಿಯಮ ಉಂಟು. ಕಣ್ಣಿನ ಚಲನೆಯನ್ನು ಅಧ್ಯಯನ ಮಾಡಿದ ರಷ್ಯಾದ ಆಲ್ಫ್ರೆಡ್ ಯಾರ್ಬಸ್ ಒಂದೇ ವರ್ಣಚಿತ್ರವನ್ನು ತೋರಿಸಿ ಬೇರೆ ಬೇರೆ ಪ್ರಶ್ನೆ ಕೇಳಿದರು: ಇವರ ವಯಸ್ಸೆಷ್ಟು, ಮನೆಯವರು ಅನುಕೂಲಸ್ಥರೇ. ಪ್ರಶ್ನೆ ಬದಲಾದಂತೆ ಕಣ್ಣು ಓಡಾಡಿದ ದಾರಿಯೂ ಬದಲಾಯಿತು. ಪ್ರದರ್ಶನಕ್ಕಿಟ್ಟ ಚಿತ್ರದ ಕೆಳಗೆ ‘ಶೀರ್ಷಿಕೆ ಇಲ್ಲ’ ಎಂದು ಬರೆದು ಕೈತೊಳೆದುಕೊಳ್ಳುವ ವಿದ್ಯಾರ್ಥಿ ಕಳೆದುಕೊಳ್ಳುವುದು ಇದನ್ನೇ.

ಕಟ್‌ಗಳ, ಅಂದರೆ ಒಂದು ಶಾಟ್‌ನಿಂದ ಇನ್ನೊಂದಕ್ಕೆ ನೇರ ಜಿಗಿಯುವ ಜಾಗಗಳ, ವಿಷಯಕ್ಕೆ ಬಂದರೆ, ಕಣ್ಣು ನಿರೀಕ್ಷೆಗಿಂತ ಉದಾರಿ. ಟಿಮ್ ಸ್ಮಿತ್ ಮತ್ತು ಜಾನ್ ಹೆಂಡರ್ಸನ್ 2008ರಲ್ಲಿ ಸಿನಿಮಾ ತುಣುಕುಗಳನ್ನು ತೋರಿಸಿ, ಕಟ್ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ನಡೆಯುತ್ತಿರುವ ಕ್ರಿಯೆಯ ಮಧ್ಯೆಯೇ ಮಾಡಿದ ಕಟ್‌ಗಳಲ್ಲಿ ಮೂರರಲ್ಲೊಂದು ಭಾಗ ನೋಡುಗರ ಗಮನಕ್ಕೇ ಬರಲಿಲ್ಲ. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಟರ್ಕಿಯ ಗುಡ್ಡಗಾಡು ಹಳ್ಳಿಗಳಲ್ಲಿ ಸಿನಿಮಾ, ಟಿವಿ ನೋಡಿಯೇ ಗೊತ್ತಿಲ್ಲದ ಹಿರಿಯರಿಗೆ ತುಣುಕುಗಳನ್ನು ತೋರಿಸಿದರು. ನಮಗೆ ಸಲೀಸಾದ ಹಲವು ಕಟ್‌ಗಳು ಅವರಿಗೆ ಅರ್ಥವಾಗಲಿಲ್ಲ. ಆದರೆ ತಮಗೆ ಪರಿಚಿತವಾದ ಕೆಲಸವೊಂದು ಕಟ್‌ನಿಂದ ಕಟ್‌ಗೆ ಮುಂದುವರಿದಾಗ ತೊಡಕಿಲ್ಲದೆ ಹಿಂಬಾಲಿಸಿದರು. ಅಂದರೆ ಕ್ರಿಯೆಯ ಎಳೆ ಗಟ್ಟಿಯಿದ್ದರೆ ಕಟ್‌ಗಳ ಮೇಲೆ ಕರಗುವ, ತಿರುಗುವ, ಮಿಂಚುವ ಎಫೆಕ್ಟು ಹೊದಿಸಬೇಕಿಲ್ಲ. ಎಳೆ ಇಲ್ಲದಿದ್ದರೆ ಹೊದಿಸಿಯೂ ಲಾಭವಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ನಿರ್ಭಾವದ ಮುಖ, ಮುಂದಿನ ಶಾಟ್‌ನಲ್ಲಿ ಸೂಪಿನ ಬಟ್ಟಲು, ನೋಡುಗರಿಗೆ ಹಸಿವು ಕಂಡಿತು. ಅದೇ ಮುಖ, ಮುಂದಿನ ಶಾಟ್‌ನಲ್ಲಿ ಶವಪೆಟ್ಟಿಗೆ, ದುಃಖ ಕಂಡಿತು ಎಂಬ ರಷ್ಯಾದ ಚಿತ್ರನಿರ್ದೇಶಕ ಕುಲೆಶೊವ್ ಅವರ ಪ್ರಯೋಗವನ್ನು ತರಗತಿಗಳಲ್ಲಿ ವೇದವಾಕ್ಯದಂತೆ ಹೇಳುತ್ತಾರೆ. ಆ ಮೂಲ ಚಿತ್ರ ಉಳಿದಿಲ್ಲ. 1992ರಲ್ಲಿ ಸ್ಟೀಫನ್ ಪ್ರಿನ್ಸ್ ಮತ್ತು ವೇಯ್ನ್ ಹೆನ್ಸ್ಲಿ ಅದನ್ನು ಮರುಸೃಷ್ಟಿಸಿ ನೋಡಿದಾಗ ಅಂಥ ಪರಿಣಾಮ ಕಾಣಲಿಲ್ಲ. ಗೆಳೆಯನ ಕಲ್ಲುಮುಖವನ್ನು ಕ್ಲೋಸಪ್‌ನಲ್ಲಿ ಹಿಡಿದು, ಭಾವನೆ ತಾನಾಗಿ ಹುಟ್ಟಲಿ ಎಂದು ಕಾಯಬೇಡಿ.

ಕೊನೆಯದು ದಿಕ್ಕು. ಬೆಳಗಿನ, ಮಧ್ಯಾಹ್ನದ, ರಾತ್ರಿಯ ಊಟಕ್ಕೆ ಒಂದೊಂದು ಸ್ಟಿಕ್ಕರ್ ಅಂಟಿಸಿ ಎಂದರೆ ಇಂಗ್ಲಿಷ್ ಓದುವ ಮಕ್ಕಳು ಎಡದಿಂದ ಬಲಕ್ಕೆ ಹೋಗುವುದು ಹೆಚ್ಚು, ಅರಬ್ಬಿ ಓದುವ ಮಕ್ಕಳು ಬಲದಿಂದ ಎಡಕ್ಕೆ ಎಂದು ಬಾರ್ಬರಾ ಟ್ವೆರ್ಸ್ಕಿ ಮತ್ತು ಸಂಗಡಿಗರು 1991ರಲ್ಲಿ ವರದಿ ಮಾಡಿದ್ದರು. ಲಿಪಿಗಿಂತ ಗಟ್ಟಿ ಅಭ್ಯಾಸವೂ ಇದೆ: ಪ್ರದಕ್ಷಿಣೆ. ಗುಡಿ ನಮ್ಮ ಬಲಕ್ಕಿರುವಂತೆ ಸುತ್ತುತ್ತ, ನಡುನಡುವೆ ಗೋಡೆಗೆ ಮುಖ ಮಾಡಿ ನಿಂತರೆ ಅಲ್ಲಿ ಕೆತ್ತಿದ ಕಥೆ ಮುಂದುವರಿಯುವುದು ಬಲದಿಂದ ಎಡಕ್ಕೆ, ಕನ್ನಡದ ಸಾಲಿಗೆ ಉಲ್ಟಾ. ತರೀಕೆರೆ ಬಳಿಯ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ಗುಡಿಗೆ ಹೋದವರು ಮಂಟಪದ ಹೊರಗೋಡೆ ನೋಡಬೇಕು. ಉತ್ತರದ ಕಡೆ ಕೃಷ್ಣನ ಬದುಕಿನ 25, ಮಹಾಭಾರತದ 45 ಫಲಕಗಳು ಪ್ರದಕ್ಷಿಣೆಯ ದಿಕ್ಕಿನಲ್ಲೇ ಸಾಗುತ್ತವೆ. ದಕ್ಷಿಣದ 70 ಫಲಕಗಳ ರಾಮಾಯಣ ಮಾತ್ರ ಅಪ್ರದಕ್ಷಿಣೆ. ಅಂದರೆ ನಿಂತು ನೋಡುವವರಿಗೆ ಎಡದಿಂದ ಬಲಕ್ಕೆ, ಪುಸ್ತಕ ಓದಿದಂತೆ. ಯಾವ ದಿಕ್ಕಾದರೂ ಸರಿ, ಒಂದು ಕಡೆಯ ಗೋಡೆಯಲ್ಲಿ ಆ ಶಿಲ್ಪಿಗಳು ಹಿಡಿದ ದಿಕ್ಕನ್ನು ನಡುವೆ ಬದಲಿಸಲಿಲ್ಲ.

ಮೊಬೈಲ್ ವಿಡಿಯೋಗಳು ಎಡವುವುದು ಇಲ್ಲೇ. ಹುಡುಗಿ ಬಸ್ಸು ಹತ್ತುತ್ತಾಳೆ, ಬಸ್ಸು ಪರದೆಯ ಬಲಕ್ಕೆ ಹೊರಡುತ್ತದೆ. ಮುಂದಿನ ಶಾಟ್ ತೆಗೆಯುವಾಗ ಬಿಸಿಲು ಕಣ್ಣಿಗೆ ಹೊಡೆಯಿತೆಂದು ಕ್ಯಾಮೆರಾದವರು ರಸ್ತೆಯ ಆಚೆ ಬದಿಗೆ ಹೋಗಿ ನಿಂತಿರುತ್ತಾರೆ. ಈಗ ಅದೇ ಬಸ್ಸು ಎಡಕ್ಕೆ ಓಡುತ್ತದೆ. ನೋಡುವವರಿಗೆ ಅವಳು ಆಗಲೇ ವಾಪಸ್ ಹೊರಟಂತೆ. ಮತ್ತೆ ಶೂಟಿಂಗ್‌ಗೆ ಹೋಗಬೇಕಿಲ್ಲ ಅನ್ನುವುದೊಂದು ಸಮಾಧಾನ, ಬಸ್ಸು ನೇರ ಕ್ಯಾಮೆರಾದ ಕಡೆಗೇ ಬರುವ ಶಾಟೊಂದು ಕೈಯಲ್ಲಿದ್ದರೆ. ಅದನ್ನು ಎರಡರ ನಡುವೆ ಇಟ್ಟರೆ ಬಸ್ಸು ಆಮೇಲೆ ಎಡಕ್ಕೆ ಹೋದರೂ ಯಾರಿಗೂ ಗೊಂದಲವಾಗುವುದಿಲ್ಲ.