ಹಸಿರು ಬೋರ್ಡು, ಜಾರುವ ಗುಡ್ಡ

ಜನವರಿಯ ಒಂದು ಬೆಳಿಗ್ಗೆ, ಅಡಿಕೆ ಸುಲಿಯಲು ಬಂದವರಿಗೆ ಕಾಫಿ ಕೊಡುತ್ತಿದ್ದ ಹೊತ್ತಿಗೆ ತಂಗಿಯ ಮಗಳ ಫೋನು ಬಂತು. ಅವಳಿರುವುದು ಅಮೆರಿಕದ ಕೊಲೊರಾಡೊದಲ್ಲಿ. ಅಲ್ಲಿ ಆಗ ರಾತ್ರಿ.

"ಮಾವ, ಇವತ್ತು ಸ್ಕೀ ಮಾಡೋಕೆ ಹೋಗಿ ಬಿದ್ದೆ. ಮಂಡಿ ಊದಿದೆ. ಬಿದ್ದಿದ್ದು ಎಲ್ಲಿ ಗೊತ್ತಾ? ಹಸಿರು ಬೋರ್ಡಿನ ದಾರೀಲಿ. ಹೊಸಬರಿಗೆ ಅಂತಾನೇ ಇರೋದು ಅದು."

ಸ್ಕೀ ಅಂದರೆ ಎರಡೂ ಕಾಲಿಗೆ ಉದ್ದನೆಯ ಪಟ್ಟಿ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಆಟ; ಆ ಪಟ್ಟಿಗೂ ಸ್ಕೀ ಎಂದೇ ಹೆಸರು. ದನಿಯಲ್ಲಿ ನೋವಿಗಿಂತ ನಾಚಿಕೆ ಜಾಸ್ತಿ ಇತ್ತು. ತೀರ್ಥಹಳ್ಳಿ ಕಡೆಯ ಗುಡ್ಡದಲ್ಲಿ ಬೆಳೆದವಳು ಅವಳು. ಬೇಸಿಗೆ ಬಂತೆಂದರೆ ಮನೆ ಹಿಂದಿನ ಬ್ಯಾಣದಲ್ಲಿ ಅಡಿಕೆ ಹಾಳೆಯ ಮೇಲೆ ಕೂತು, ಅದರ ಸೋಗೆಯ ದಂಟು ಹಿಡಿದುಕೊಂಡು, ಒಣಗಿದ ಕರಡದ ಮೇಲೆ ಸರ್ರನೆ ಜಾರುತ್ತಿದ್ದಳು. ಸಂಜೆ ಲಂಗದ ತುಂಬ ಹುಲ್ಲಿನ ಮುಳ್ಳು. ಅಂಥವಳು ಈಗ ಕೇಳುತ್ತಿದ್ದಳು, "ಸುಲಭದ ದಾರೀಲೇ ಬಿದ್ದೆ ಅಂದ್ರೆ ನನಗೆ ಇದು ಆಗಿಬರಲ್ಲ ಅಲ್ವಾ?"

ನನಗೆ ಹಾಗೆ ಅನ್ನಿಸಲಿಲ್ಲ. ಆ ಬೋರ್ಡು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ತಿಳಿಯಲೇಬೇಕು ಅನ್ನಿಸಿತು. ಆಮೇಲೆ ಎಷ್ಟೋ ದಿನ ಸಂಜೆ ಅದೇ ಓದು. ಓದುತ್ತಾ ಹೋದಂತೆ ನಮ್ಮ ಅಂಗಳ, ಘಾಟಿ, ಹಾವಸೆ ಕಟ್ಟಿದ ಮೆಟ್ಟಿಲು ಎಲ್ಲ ಕಣ್ಣೆದುರು ಬಂದವು.

ಅಮೆರಿಕದ ಸ್ಕೀ ತಾಣಗಳ ರಾಷ್ಟ್ರೀಯ ಸಂಘ ಈ ಗುರುತುಗಳನ್ನು ಜಾರಿಗೆ ತಂದದ್ದು 1968ರಲ್ಲಿ. ಹಸಿರು ವೃತ್ತ ಅಂದರೆ ಸುಲಭ. ನೀಲಿ ಚೌಕ ಮಧ್ಯಮ. ಕಪ್ಪು ವಜ್ರದಾಕಾರ ಕಷ್ಟ. ಸಾಮಾನ್ಯವಾಗಿ ಹೇಳುವ ಲೆಕ್ಕದಲ್ಲಿ ಹಸಿರು ದಾರಿಯ ಇಳಿಜಾರು ಶೇ. 25ರ ಒಳಗೆ, ನೀಲಿಯದ್ದು 25ರಿಂದ 40, ಕಪ್ಪು ಅದಕ್ಕೂ ಮೇಲೆ. ಆದರೆ ಯಾವ ದಾರಿಗೆ ಯಾವ ಬಣ್ಣ ಎಂದು ತೀರ್ಮಾನಿಸುವುದು ಆಯಾ ಸ್ಕೀ ತಾಣದವರೇ. ತಮ್ಮ ಗುಡ್ಡದ ದಾರಿಗಳನ್ನು ಒಂದಕ್ಕೊಂದು ಹೋಲಿಸಿ ನೋಡುತ್ತಾರೆ. ಹಾಗಾಗಿ ಹಸಿರು ಅಂದರೆ 'ಈ ಗುಡ್ಡದಲ್ಲಿ ಇರುವುದರಲ್ಲಿ ಸುಲಭ' ಎಂದಷ್ಟೇ ಅರ್ಥ. ಕಡಿದಾದ ಬೆಟ್ಟದ ಹಸಿರು ಇನ್ನೊಂದು ಸೌಮ್ಯ ಬೆಟ್ಟದ ನೀಲಿಗಿಂತ ಕಷ್ಟ ಇರಬಹುದು. ದೇಶ ಬದಲಾದರೆ ಬಣ್ಣದ ಅರ್ಥವೂ ಬದಲು. ಆಸ್ಟ್ರಿಯಾ, ಜರ್ಮನಿಯಲ್ಲಿ ನೀಲಿಯೇ ಸುಲಭದ ದಾರಿ, ಮಧ್ಯಮಕ್ಕೆ ಕೆಂಪು. ಅಲ್ಲಿನ ನಿಯಮದಲ್ಲೂ ನೀಲಿ ದಾರಿ ಶೇ. 25 ಮೀರಬಾರದು ಎಂದಿದೆ, ಆದರೆ ಬಯಲು ಜಾಗದ ಸಣ್ಣ ತುಂಡುಗಳಿಗೆ ವಿನಾಯಿತಿ ಇದೆ. ಹೊಸಬರು ಇಂಥ ಸಣ್ಣ ತುಂಡುಗಳಲ್ಲೇ ಬೀಳಬಹುದು.

ಇಲ್ಲಿ ಶೇಕಡಾ ಅಂದರೆ ಡಿಗ್ರಿ ಅಂದುಕೊಳ್ಳಬಾರದು. ಅಡ್ಡಕ್ಕೆ 100 ಮೀಟರ್ ಹೋದಾಗ 25 ಮೀಟರ್ ಕೆಳಗಿಳಿದರೆ ಅದು ಶೇ. 25. ಕೋನ ಬರೀ 14 ಡಿಗ್ರಿ. ಶೇ. 100 ಅಂದರೆ 45 ಡಿಗ್ರಿ. ಇನ್ನು ಸರಾಸರಿಯ ಮಾತು. ಒಂದು ದಾರಿ 900 ಮೀಟರ್ ದೂರ ಶೇ. 8ರ ಇಳಿಜಾರಿನಲ್ಲಿ ಹಾಯಾಗಿ ಹೋಗಿ, ಉಳಿದ 100 ಮೀಟರ್ ಶೇ. 30ರಲ್ಲಿ ಇಳಿಯಿತು ಅನ್ನಿ. ಸರಾಸರಿ ಶೇ. 10 ಚಿಲ್ಲರೆ ಬರುತ್ತದೆ. ಕಾಗದದ ಮೇಲೆ ಬಹಳ ಸುಲಭ. ಕಾಲಿಗೆ ಸರಾಸರಿ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ಆ 100 ಮೀಟರ್ ಮಾತ್ರ.

ಆ ತುಂಡಿನಲ್ಲಿ ಆಗುವುದೇನು ನೋಡಿ. ಮೇಣ ಹಚ್ಚಿದ ಸ್ಕೀಗೂ ಹಿಮಕ್ಕೂ ನಡುವಿನ ಘರ್ಷಣೆ ತೀರಾ ಕಡಿಮೆ. ಘರ್ಷಣೆಯ ಗುಣಾಂಕ 0.05ರ ಆಸುಪಾಸು. ಅಂದರೆ ಶೇ. 5ರ ಇಳಿಜಾರು ಸಿಕ್ಕರೂ ಸ್ಕೀ ನಿಲ್ಲದೆ ಜಾರುತ್ತಾ ಹೋಗುತ್ತದೆ. ಅಂಗಳದಲ್ಲಿ ಮಳೆನೀರು ನಿಲ್ಲದಿರಲಿ ಎಂದು ಗಾರೆಯವರು ವಾಟ ಕೊಡುತ್ತಾರಲ್ಲ, ಅದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಶೇ. 25ರ ಇಳಿಜಾರಿನಲ್ಲಿ ಸುಮ್ನೆ ನೇರ ಬಿಟ್ಟರೆ 20 ಮೀಟರ್ ಹೋಗುವಷ್ಟರಲ್ಲಿ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್ ಆಗಿರುತ್ತದೆ. ಅಷ್ಟಕ್ಕೆ ಐದು ಸೆಕೆಂಡೂ ಬೇಡ. ಜೀವನದಲ್ಲಿ ಮೊದಲ ಸಲ ಸ್ಕೀ ಕಟ್ಟಿಕೊಂಡವರಿಗೆ 'ಅಯ್ಯೋ' ಅನ್ನಲು ಸಾಕಾಗುವಷ್ಟು ಸಮಯ.

ಹಾಗಾದರೆ ಗೊತ್ತಿದ್ದವರು ಹೇಗೆ ಇಳಿಯುತ್ತಾರೆ? ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಉತ್ತರ ಆಗುಂಬೆ ಘಾಟಿ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ರಸ್ತೆಗೆ 14 ಹೇರ್‌ಪಿನ್ ತಿರುವುಗಳಿವೆ. ಗುಡ್ಡದ ಕಡಿದಾದ ಇಳಿಜಾರನ್ನು ಕಡಿಮೆ ಮಾಡಲು ಯಾರಿಂದಲೂ ಆಗುವುದಿಲ್ಲ. ಆದರೆ ರಸ್ತೆಯನ್ನು ಅಡ್ಡಡ್ಡ ಎಳೆದು ಉದ್ದ ಮಾಡಿದರೆ, ಬಸ್ಸಿನ ಪಾಲಿಗೆ ಇಳಿಜಾರು ಕಡಿಮೆಯಾಗುತ್ತದೆ. ಸ್ಕೀ ಮಾಡುವವರೂ ಇದನ್ನೇ ಮಾಡುತ್ತಾರೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗುತ್ತಾ ಹಿಮದ ಮೇಲೆ ತಮ್ಮದೇ ಘಾಟಿ ರಸ್ತೆ ಬರೆದುಕೊಂಡು ಇಳಿಯುತ್ತಾರೆ. ನೀರು ಹರಿಯುವ ನೇರ ದಿಕ್ಕಿನಿಂದ 60 ಡಿಗ್ರಿ ಓರೆಯಾಗಿ ಹೋದರೆ ಶೇ. 25ರ ಗುಡ್ಡ ಅರ್ಧಕ್ಕಿಳಿದು ಶೇ. 12.5 ಆಗುತ್ತದೆ.

ಆದರೆ ಘಾಟಿ ಬರೆಯಲು ಜಾಗ ಬೇಕಲ್ಲ?

ನನ್ನ ಸೊಸೆ ಬಿದ್ದದ್ದು ಇದೇ ಜಾಗ ಇಲ್ಲದ ಕಡೆ. ರಾತ್ರಿ ಹಿಮ ಹದಮಾಡುವ ಚೈನ್‌ಗಾಲಿಯ ಯಂತ್ರ ಓಡಾಡಲೆಂದು ಬೆಟ್ಟದ ಪಕ್ಕೆ ಕಡಿದು ಕಿರಿದಾದ ರಸ್ತೆ ಮಾಡಿರುತ್ತಾರೆ. ಕ್ಯಾಟ್‌ಟ್ರ್ಯಾಕ್ ಅನ್ನುತ್ತಾರೆ ಅದಕ್ಕೆ. ಒಂದು ಇಳಿಜಾರಿನಿಂದ ಇನ್ನೊಂದಕ್ಕೆ ದಾಟಲು ಜನರೂ ಅದರಲ್ಲೇ ಬರುತ್ತಾರೆ. ಇಳಿಜಾರು ಕಡಿಮೆ, ಹಾಗಾಗಿ ಹಸಿರು ಬೋರ್ಡು. ಅವಳು ಕಳಿಸಿದ ಫೋಟೋ ನೋಡಿದೆ. ಎಡಕ್ಕೆ ಕಡಿದ ಧರೆ, ಬಲಕ್ಕೆ ಪೈನ್ ಮರಗಳ ತುದಿ ಕಾಣುವಷ್ಟು ಆಳ. ನಡುವಿನ ದಾರಿ ನಮ್ಮ ತೋಟಕ್ಕೆ ಜೀಪು ಹೋಗುವ ದಾರಿಗಿಂತ ಸ್ವಲ್ಪ ಅಗಲ ಇರಬಹುದು. ತಿರುಗೋಣ ಅಂದರೆ ಅಂಚು ಬಂದೇಬಿಡುತ್ತದೆ. ತಿರುಗದಿದ್ದರೆ ವೇಗ ಏರುತ್ತದೆ.

ಹೊಸಬರಿಗೆ ಉಳಿಯುವ ಉಪಾಯ ಒಂದೇ. ಸ್ಕೀಗಳ ಮುಂತುದಿ ಹತ್ತಿರ ತಂದು ಹಿಂತುದಿ ಅಗಲಿಸಿ, ಒಳ ಅಂಚುಗಳನ್ನು ಹಿಮಕ್ಕೆ ಒತ್ತಿ ಹಿಡಿಯುವುದು. ಪಿಜ್ಜಾದ ತುಂಡಿನ ಆಕಾರ ಬರುವುದರಿಂದ ಮಕ್ಕಳಿಗೆ 'ಪಿಜ್ಜಾ ಮಾಡು' ಎಂದೇ ಕಲಿಸುತ್ತಾರೆ. ಅರ್ಧ ನಿಮಿಷ ಮಾಡಿದರೆ ಪರವಾಗಿಲ್ಲ. ಒಂದು ಕಿಲೋಮೀಟರ್ ಉದ್ದಕ್ಕೂ ಹಾಗೇ ಒತ್ತಿಕೊಂಡೇ ಬಂದರೆ ತೊಡೆ ಉರಿದು ನಡುಗಲು ಶುರುವಾಗುತ್ತದೆ. ಅಲ್ಲಿನ ಎತ್ತರ ಬೇರೆ. ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅವಳು ನಿಂತಿದ್ದದ್ದು 3,000 ಮೀಟರ್ ದಾಟಿದ ಕಡೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 70 ಮಾತ್ರ. ಏದುಸಿರು ಬೇಗ ಬರುತ್ತದೆ, ಸ್ನಾಯು ಬೇಗ ಸೋಲುತ್ತದೆ.

ಇನ್ನೊಂದು ಕಾಣದ ಕಷ್ಟ ಅಡ್ಡವಾಟ. ದಾರಿ ಹೋಗುವುದು ಒಂದು ದಿಕ್ಕಿಗೆ, ನೆಲ ವಾಲಿರುವುದು ಇನ್ನೊಂದು ದಿಕ್ಕಿಗೆ. ಬೋರ್ಡು ಲೆಕ್ಕ ಹಾಕುವುದು ದಾರಿಯ ಉದ್ದದ ಇಳಿಜಾರನ್ನು. ಸ್ಕೀ ಎಳೆಯುವುದು ನೀರು ಹರಿಯುವ ದಿಕ್ಕಿಗೆ. ಅಲ್ಲಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟುಕೊಂಡು ಅಂಚು ಕಚ್ಚಿಸಿಯೇ ಹೋಗಬೇಕು. ಧರೆಯ ಪಕ್ಕೆಯಲ್ಲಿ ಹುಲ್ಲಿನ ಹೊರೆ ಹೊತ್ತು ನಡೆದವರಿಗೆ ಇದು ತಕ್ಷಣ ಅರ್ಥವಾದೀತು.

ಇಷ್ಟೆಲ್ಲ ಹೇಳಿದರೂ ದೊಡ್ಡ ಸಂಗತಿ ಇನ್ನೂ ಬಾಕಿ ಇದೆ. ನೆಲ ಇವತ್ತು ಹೇಗಿದೆ ಅನ್ನುವುದು.

ನಮ್ಮ ಮನೆಯ ಅಂಗಳವನ್ನೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಮಕ್ಕಳು ಓಡಿ ಆಡುವ ಜಾಗ. ಆಗುಂಬೆ ಸುತ್ತಮುತ್ತ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಹೆಚ್ಚು ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಆಷಾಢದ ಹೊತ್ತಿಗೆ ಅಂಗಳದ ತುಂಬ ಹಸಿರು ಹಾವಸೆ. ಅದೇ ಅಂಗಳ, ಅದೇ ವಾಟ. ಆದರೆ ಬಚ್ಚಲಿಗೆ ಹೋಗಲೂ ಅಡಿಕೆ ದಬ್ಬೆ ಹಾಸಿಕೊಂಡು ಅದರ ಮೇಲೇ ಕಾಲಿಡಬೇಕು. ಹಾವಸೆಯ ಲೋಳೆ ಮತ್ತು ನೀರು ಸೇರಿ ಕಾಲಿಗೂ ಕಲ್ಲಿಗೂ ನಡುವೆ ಒಂದು ಪೊರೆ ಕಟ್ಟುತ್ತವೆ. ಪಾದ ಕಲ್ಲನ್ನು ಮುಟ್ಟುವುದೇ ಇಲ್ಲ.

ಹಿಮದ ಮೇಲೆ ಸ್ಕೀ ಜಾರುವುದರಲ್ಲೂ ನೀರಿನ ಪೊರೆಯದೇ ಕೈವಾಡ. 1939ರಲ್ಲಿ ಕೇಂಬ್ರಿಡ್ಜ್‌ನ ವಿಜ್ಞಾನಿಗಳಾದ ಬೌಡನ್ ಮತ್ತು ಹ್ಯೂಸ್ ಇದನ್ನು ಪರೀಕ್ಷಿಸಿದರು. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರಾವ್‌ಯೋಖ್ ಎಂಬ ಎತ್ತರದ ಜಾಗದಲ್ಲೂ ಪ್ರಯೋಗ ಮಾಡಿದರು. ಸ್ಕೀ ಉಜ್ಜುವಾಗ ಹುಟ್ಟುವ ಶಾಖಕ್ಕೆ ಹಿಮದ ಮೇಲ್ಪದರ ಒಂಚೂರು ಕರಗುತ್ತದೆ, ಆ ತೆಳು ನೀರೇ ಎಣ್ಣೆಯಂತೆ ಕೆಲಸ ಮಾಡುತ್ತದೆ ಎಂದರು. ಮಂಜುಗಡ್ಡೆಯ ಮೇಲ್ಮೈ ತಾನಾಗಿಯೇ ಸ್ವಲ್ಪ ಸಡಿಲವಾಗಿರುತ್ತದೆ ಎಂಬುದೂ ಈಗ ಗೊತ್ತಿದೆ. ಜಾರಿಸುವುದು ಈ ಪೊರೆ, ತಡೆಯುವುದು ಸ್ಕೀಯ ಉಕ್ಕಿನ ಅಂಚು. ಹೊಸ ಮೆತ್ತನೆಯ ಹಿಮಕ್ಕೆ ಅಂಚು ಸುಲಭವಾಗಿ ಇಳಿಯುತ್ತದೆ. ಆದರೆ ಹಗಲಿನ ಬಿಸಿಲಿಗೆ ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿದರೆ ಬೆಳಿಗ್ಗೆಗೆ ಗಾಜಿನಂಥ ಗಡ್ಡೆ. ಅಂಚು ಕೆರೆಯುತ್ತದೆ, ಕಚ್ಚುವುದಿಲ್ಲ. ಮಧ್ಯಾಹ್ನಕ್ಕೆ ಅದೇ ದಾರಿ ಕೆಸರು ಗದ್ದೆಯಂತೆ ಭಾರವಾಗಿ ಸ್ಕೀಯನ್ನು ಹಿಡಿದುಬಿಡುತ್ತದೆ. ಸಂಜೆಗೆ ಎಲ್ಲರೂ ವಾಪಸು ಬರುವುದು ಇದೇ ಸುಲಭದ ದಾರಿಯಲ್ಲಿ, ನುರಿತವರೂ ವೇಗವಾಗಿ ಪಕ್ಕದಲ್ಲೇ ಹಾದುಹೋಗುತ್ತಾರೆ. ಮೋಡ ಕವಿದರೆ ನೆರಳು ಮಾಯವಾಗಿ ಉಬ್ಬು ತಗ್ಗು ಕಾಣುವುದಿಲ್ಲ. ಬೋರ್ಡು ಮಾತ್ರ ಇಡೀ ದಿನ ಹಸಿರು.

ಅವಳು ಬಿದ್ದದ್ದು ಬೆಳಿಗ್ಗೆ ಒಂಬತ್ತಕ್ಕೆ. ಹಿಂದಿನ ದಿನ ಚೆನ್ನಾಗಿ ಬಿಸಿಲಿತ್ತಂತೆ.

ಹೇಗೆ ಬಿದ್ದೆ ಎಂದು ಕೇಳಿದೆ. "ಹೆದರಿಕೆ ಆಯ್ತು, ಹಿಂದಕ್ಕೆ ವಾಲಿದೆ, ಆಮೇಲೆ ಸ್ಕೀ ನನ್ನ ಮಾತೇ ಕೇಳಲಿಲ್ಲ" ಅಂದಳು. ಅದೂ ಸರಿಯೇ. ಭಾರ ಹಿಂದಕ್ಕೆ ಹೋದರೆ ಸ್ಕೀಯ ಮುಂಭಾಗ ಹಗುರಾಗುತ್ತದೆ. ತಿರುವಿಗೆ ಮೊದಲು ಹಿಮ ಹಿಡಿಯಬೇಕಾದದ್ದೇ ಮುಂಭಾಗ. ಹಾವಸೆಯ ಮೆಟ್ಟಿಲಲ್ಲೂ ಹೀಗೇ ಅಲ್ವಾ? ಹೆದರಿ ಹಿಂದಕ್ಕೆ ವಾಲಿದ ಕೂಡಲೇ ಹಿಮ್ಮಡಿ ಮುಂದಕ್ಕೆ ಜಾರಿ ಅಂಡೂರಿ ಕೂರುತ್ತೇವೆ. ಚಿಕ್ಕವನಿದ್ದಾಗ ತೋಟಕ್ಕೆ ಇಳಿಯುವಾಗ ಅಪ್ಪ ಹೇಳುತ್ತಿದ್ದರು, "ಮಂಡಿ ಸಡಿಲ ಬಿಡು, ಮೂಗು ಕಾಲ್ಬೆರಳಿನ ನೇರಕ್ಕಿರಲಿ." ಅಲ್ಲಿನ ಸ್ಕೀ ಗುರುಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತಾರೆ.

ಹೆದರಿಕೆಗೂ ಕಾರಣವಿದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಡೆನಿಸ್ ಪ್ರಾಫಿಟ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 5 ಡಿಗ್ರಿಯ ದಿಬ್ಬ ನೋಡಿದ ಜನ ಅದು ಸುಮಾರು 20 ಡಿಗ್ರಿ ಎಂದರು. ಕಣ್ಣು ಎಲ್ಲರಿಗೂ ಗುಡ್ಡವನ್ನು ಕಡಿದಾಗಿಯೇ ತೋರಿಸುತ್ತದೆ. ಮೇಲಿನಿಂದ ಕೆಳಗೆ ನೋಡುವಾಗ ಇನ್ನೂ ಜಾಸ್ತಿ. ಹಾಗಾಗಿ ಹಸಿರು ದಾರಿಯ ತಲೆಯಲ್ಲಿ ನಿಂತು ಎದೆ ಧಸಕ್ಕೆಂದರೆ ಅದು ಯಾರ ಪುಕ್ಕಲುತನವೂ ಅಲ್ಲ.

ಇದನ್ನೆಲ್ಲ ಬರೆಯಲು ನನಗೆ ಇನ್ನೊಂದು ಕಾರಣ ಇದೆ. ಮಳೆಗಾಲದ ಶನಿವಾರ ಭಾನುವಾರ ನಮ್ಮ ಕಡೆ ಬರುವ ಹುಡುಗ ಹುಡುಗಿಯರು. ಕವಲೇದುರ್ಗಕ್ಕೆ 'ಈಜಿ ಟ್ರೆಕ್' ಎಂದು ಓದಿಕೊಂಡು ಬರುತ್ತಾರೆ. ಕೆಳದಿ ನಾಯಕರ ಕಾಲದ ಕೋಟೆ, ಹಾಸುಗಲ್ಲಿನ ದಾರಿ. ಜನವರಿಯಲ್ಲಿ ನಿಜಕ್ಕೂ ಸುಲಭ, ಅಜ್ಜಿಯರೂ ಹತ್ತುತ್ತಾರೆ. ಜುಲೈನಲ್ಲಿ ಆ ಹಾಸುಗಲ್ಲೇ ಶತ್ರು. ಒಮ್ಮೆ ಅಲ್ಲೇ ಇಳಿಯುವಾಗ ಒಬ್ಬ ಹುಡುಗ ನನ್ನೆದುರೇ ಜಾರಿ ಅಂಗೈ ಊರಿ ಬಿದ್ದ. ಮುಂಗೈ ನೋಡನೋಡುತ್ತಲೇ ಊದಿತು. ಕಾಲಲ್ಲಿದ್ದದ್ದು ಅಡಿ ಸವೆದ ಶೂ. "ಅಂಕಲ್, ಈಜಿ ಅಂತ ಹಾಕಿದ್ರು" ಅಂದ ಪಾಪ, ಕಣ್ಣಲ್ಲಿ ನೀರು. ನನ್ನ ಟವೆಲ್ಲಿನಲ್ಲಿ ಕೈ ಕಟ್ಟಿ, ಕಲ್ಲು ಬಿಟ್ಟು ಪಕ್ಕದ ಹುಲ್ಲಿನ ಮೇಲೆ ಅಡ್ಡ ಹೆಜ್ಜೆ ಇಡಿಸಿ ಕೆಳಗೆ ಕರೆತಂದೆ. ಕೊಡಚಾದ್ರಿಯದ್ದೂ ಇದೇ ಕಥೆ. ಎತ್ತರ 1,343 ಮೀಟರ್, ಬಹುಪಾಲು ದೂರ ಜೀಪು ಹೋಗುತ್ತದೆ, ಹಾಗಾಗಿ ಸುಲಭ ಅನ್ನಿಸುತ್ತದೆ. ಶಿಖರದ ಸರ್ವಜ್ಞ ಪೀಠದಿಂದ ಚಿತ್ರಮೂಲದ ಗುಹೆಗೆ ಇಳಿಯುವ ಸಣ್ಣ ತುಂಡು ಯಾರ ಸರಾಸರಿಗೂ ಸಿಗುವುದಿಲ್ಲ.

ನಮ್ಮೂರಲ್ಲಿ ಗುಡ್ಡದಿಂದ ಇಳಿದು ಬಂದವರನ್ನು ಯಾರೂ 'ಎಷ್ಟು ಕಡಿದು' ಎಂದು ಕೇಳುವುದಿಲ್ಲ. "ಜಾರ್ತದನಾ?" ಎಂದು ಕೇಳುತ್ತಾರೆ. ನನ್ನ ಸೊಸೆಗೂ ಅದನ್ನೇ ಹೇಳಿದೆ.

ಮಂಡಿ ವಾಸಿಯಾಗಲು ಎರಡು ತಿಂಗಳು ಬೇಕಾಯಿತು. ಮಾರ್ಚ್ ಕೊನೆಯಲ್ಲಿ ಒಂದು ವಿಡಿಯೋ ಕಳಿಸಿದಳು. ಲಿಫ್ಟಿನ ಬಳಿ ಕೆಂಪು ಜಾಕೆಟ್ ಹಾಕಿಕೊಂಡ ಕಾವಲಿನವರ ಹತ್ತಿರ ಏನೋ ಕೇಳುತ್ತಿದ್ದಾಳೆ. ಅವರು ಕೈ ಅಲ್ಲಾಡಿಸಿ ಬೇಡ ಅನ್ನುತ್ತಾರೆ, ಗಡಿಯಾರ ತೋರಿಸುತ್ತಾರೆ. ಮುಂದಿನ ತುಣುಕಿನಲ್ಲಿ ಬಿಸಿಲು ಮೇಲೆ ಬಂದಿದೆ. ಇವಳು ಅಗಲವಾದ ಇಳಿಜಾರಿನಲ್ಲಿ ಎಡದ ಅಂಚಿನಿಂದ ಬಲದ ಅಂಚಿಗೆ, ಬಲದಿಂದ ಎಡಕ್ಕೆ, ನಿಧಾನಕ್ಕೆ ಇಳಿಯುತ್ತಿದ್ದಾಳೆ. ಪ್ರತಿ ತಿರುವಿಗೂ ಜೋರಾಗಿ ಎಣಿಸುತ್ತಾಳೆ. ಹದಿನಾಲ್ಕಕ್ಕೆ ಬಂದಾಗ ಸ್ಕೀ ಅಡ್ಡ ಹಿಡಿದು ನಿಂತು, "ಮಾವ, ಸೋಮೇಶ್ವರ ಬಂತು!" ಎಂದು ಕೂಗಿದಳು.