ಮೆಟ್ಟಿಲ ಬುಡದ ಸ್ನೇಹ

ಶಾಲೆಯ ಆವರಣವನ್ನು ರೂಪಿಸಲು ಹೊರಟವರ ಚರ್ಚೆ ಸಾಮಾನ್ಯವಾಗಿ ಕಟ್ಟಡದ ಮುಂಭಾಗದಿಂದಲೇ ಶುರುವಾಗುತ್ತದೆ. ಎತ್ತರದ ಕಂಬ, ಹೆಬ್ಬಾಗಿಲ ಕಮಾನು, ಗಾಜಿನ ಹೊದಿಕೆ ಇವೇ ವಿದ್ಯಾರ್ಥಿಗಳಲ್ಲಿ ಸ್ಫೂರ್ತಿ ತುಂಬುತ್ತವೆ ಎಂಬ ನಂಬಿಕೆ ಎಷ್ಟು ಬೇರೂರಿದೆಯೆಂದರೆ, ಮಕ್ಕಳು ದಿನಕ್ಕೆ ಹತ್ತಾರು ಬಾರಿ ಓಡಾಡುವ ಕಾರಿಡಾರು, ಮೆಟ್ಟಿಲು, ನೀರು ಕುಡಿಯುವ ಜಾಗಗಳಿಗೆ ನಕ್ಷೆಯಲ್ಲಿ ಅಳಿದುಳಿದ ಮೂಲೆಯಷ್ಟೇ ಸಿಗುತ್ತದೆ. ಮುಂಭಾಗವನ್ನು ಮಗು ದಿನಕ್ಕೊಮ್ಮೆ ನೋಡುತ್ತದೆ, ಅದೂ ಗಂಟೆ ಹೊಡೆಯುವ ಮುನ್ನ ಒಳಗೆ ಸೇರಿಕೊಳ್ಳುವ ಅವಸರದಲ್ಲಿ.

ಎರಡನೆಯ ಮಹಾಯುದ್ಧದ ನಂತರ, ಸೈನ್ಯದಿಂದ ಮರಳಿ ಓದಿಗೆ ಸೇರಿದ ವಿವಾಹಿತ ವಿದ್ಯಾರ್ಥಿಗಳಿಗಾಗಿ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ವೆಸ್ಟ್‌ಗೇಟ್ ಎಂಬ ವಸತಿ ಸಮುಚ್ಚಯವಿತ್ತು. ಅಲ್ಲಿ ಯಾರಿಗೆ ಯಾರು ಸ್ನೇಹಿತರಾದರು ಎಂಬುದನ್ನು ಲಿಯಾನ್ ಫೆಸ್ಟಿಂಗರ್, ಸ್ಟಾನ್ಲಿ ಶಾಕ್ಟರ್ ಮತ್ತು ಕರ್ಟ್ ಬ್ಯಾಕ್ ಎಂಬ ಸಂಶೋಧಕರು ಕೂಲಂಕಷವಾಗಿ ಪರಿಶೀಲಿಸಿ 1950ರಲ್ಲಿ ಪ್ರಕಟಿಸಿದರು. ಒಂದೇ ಅಂತಸ್ತಿನಲ್ಲಿ ಪಕ್ಕದ ಬಾಗಿಲಿನವರನ್ನು ಆಪ್ತರೆಂದು ಹೆಸರಿಸುವ ಸಂಭವ ಶೇ 41ರಷ್ಟಿತ್ತು. ನಡುವೆ ಒಂದು ಬಾಗಿಲು ಬಂದರೆ ಅದು ಶೇ 22ಕ್ಕೆ, ಎರಡು ಬಂದರೆ ಶೇ 16ಕ್ಕೆ, ಮೂರು ಬಂದರೆ ಶೇ 10ಕ್ಕೆ ಇಳಿಯುತ್ತಿತ್ತು. ಇದಕ್ಕಿಂತಲೂ ನನ್ನನ್ನು ಸೆಳೆದದ್ದು ಮೆಟ್ಟಿಲಿನ ಸಂಗತಿ. ಮೆಟ್ಟಿಲ ಬುಡದಲ್ಲಿದ್ದ ನೆಲ ಅಂತಸ್ತಿನ ಮನೆಗಳವರಿಗೆ, ಅದೇ ಅಂತಸ್ತಿನ ಉಳಿದವರಿಗಿಂತ, ಮೇಲಿನ ಅಂತಸ್ತಿನಲ್ಲಿ ಹೆಚ್ಚು ಸ್ನೇಹಿತರಿದ್ದರು. ಅವರ ಸ್ವಭಾವದಲ್ಲಿ ವಿಶೇಷವೇನೂ ಬೇಕಿರಲಿಲ್ಲ, ಮೇಲಿನವರು ಹತ್ತುವಾಗಲೂ ಇಳಿಯುವಾಗಲೂ ಅವರ ಬಾಗಿಲ ಮುಂದೆಯೇ ಹಾಯಬೇಕಿತ್ತು. ಗೋಡೆಯಿಂದ ಗೋಡೆಗೆ ಅಳೆದ ದೂರ ಒಂದು, ಕಾಲು ದಿನವೂ ಕ್ರಮಿಸುವ ದೂರ ಇನ್ನೊಂದು. ಸ್ನೇಹಕ್ಕೆ ಲೆಕ್ಕವಾಗುವುದು ಹೆಚ್ಚಾಗಿ ಎರಡನೆಯದು.

ಹುಲ್ಲಿನ ಮೇಲೆ ಒಬ್ಬ ಒಮ್ಮೆ ನಡೆದರೆ ಗುರುತು ಉಳಿಯುವುದಿಲ್ಲ, ನೂರು ಬಾರಿ ನಡೆದರೆ ಕಾಲುದಾರಿಯೇ ಮೂಡುತ್ತದೆ. ಬಾವಿಯ ಕಟ್ಟೆಯ ಕಲ್ಲಿನಲ್ಲಿ ಗೀರು ಬೀಳುವುದೂ ಮೆದುವಾದ ಹಗ್ಗ ಮತ್ತೆ ಮತ್ತೆ ಅದೇ ಜಾಗದಲ್ಲಿ ಉಜ್ಜುವುದರಿಂದಲೇ. ಪರಿಚಯವೂ ಹೀಗೆಯೇ ಗಟ್ಟಿಯಾಗುತ್ತದೆ: ಮೊದಲ ದಿನ ಬರೀ ಮುಖ ಕಾಣುತ್ತದೆ, ನಾಲ್ಕನೆಯ ದಿನ ಒಂದು ಮುಗುಳ್ನಗೆ, ಹತ್ತನೆಯ ದಿನ ‘ನಿನ್ನೆ ಯಾಕೆ ಬರಲಿಲ್ಲ?’ ಎಂಬ ಪ್ರಶ್ನೆ. ವರ್ಷಕ್ಕೊಂದು ವಾರ್ಷಿಕೋತ್ಸವ ನಡೆಸಿ ಶಾಲೆಯನ್ನು ಒಗ್ಗೂಡಿಸುತ್ತೇವೆ ಎನ್ನುವವರು ಈ ಪುನರಾವರ್ತನೆಯ ಬಲವನ್ನು ಮರೆಯುತ್ತಾರೆ.

ಹಾಗಾದರೆ ವಿನ್ಯಾಸಕಾರರು ಗಮನಿಸಬೇಕಾದದ್ದು ದಾರಿಗಳು ಕೂಡುವ ಬಿಂದುಗಳನ್ನು. ಒಂದೂವರೆ ಮೀಟರ್ ಅಗಲದ ಕಾರಿಡಾರಿನಲ್ಲಿ ಇಬ್ಬರು ನಿಂತು ಮಾತನಾಡಿದರೆ ಅವರು ಅಡ್ಡಿಯಾಗುತ್ತಾರೆ, ‘ದಾರಿ ಬಿಡಿ’ ಎಂಬ ಮಾತು ಬಂದೇ ಬರುತ್ತದೆ. ಅದೇ ಕಾರಿಡಾರು ಮೆಟ್ಟಿಲಿಗೆ ತಿರುಗುವಲ್ಲಿ ಮೂರು ಮೀಟರಿಗೆ ಹಿಗ್ಗಲಿ, ಅಲ್ಲಿ ಮೊಣಕಾಲೆತ್ತರದ ಒಂದು ಕಟ್ಟೆ ಇರಲಿ. ಆಗ ಬೂಟಿನ ದಾರ ಬಿಗಿಯಲು ಒಬ್ಬಳು ಕೂರುತ್ತಾಳೆ, ಬಿಟ್ಟುಹೋದ ಲೆಕ್ಕವನ್ನು ತೊಡೆಯ ಮೇಲೆ ಪುಸ್ತಕವಿಟ್ಟು ಮುಗಿಸುವವನು ಪಕ್ಕಕ್ಕೆ ಬರುತ್ತಾನೆ, ಮೇಲಿನ ತರಗತಿಯವಳೊಬ್ಬಳು ಬಗ್ಗಿ ನೋಡಿ ಎರಡನೆಯ ಸಾಲಿನಲ್ಲಿ ತಪ್ಪಿದ ಚಿಹ್ನೆಯನ್ನು ಬೆರಳಿಟ್ಟು ತೋರಿಸುತ್ತಾಳೆ. ಹುಲ್ಲುಹಾಸಿನ ನಟ್ಟನಡುವೆ ಒಂಟಿಯಾಗಿ ಇಟ್ಟ ಚಂದದ ಬೆಂಚಿಗೆ ಈ ಭಾಗ್ಯವಿಲ್ಲ, ಏಕೆಂದರೆ ಅದರ ಪಕ್ಕದಲ್ಲಿ ಯಾರ ದಾರಿಯೂ ಹಾಯುವುದಿಲ್ಲ. ಸ್ಫೂರ್ತಿಯ ಮಾತಿಗೂ ಇದೇ ತರ್ಕ ಸಲ್ಲುತ್ತದೆ. ಪ್ರಯೋಗಾಲಯದ ಗೋಡೆಯಲ್ಲಿ ಕಾರಿಡಾರಿನ ಕಡೆಗೊಂದು ದೊಡ್ಡ ಕಿಟಕಿ ಇದ್ದರೆ, ಐದನೆಯ ತರಗತಿಯ ಮಗು ಹತ್ತನೆಯ ತರಗತಿಯವರ ಬರ್ನರಿನ ನೀಲಿ ಜ್ವಾಲೆಯನ್ನು ವರ್ಷಗಳ ಮುಂಚೆಯೇ ನೋಡಿರುತ್ತದೆ.

ಕೂಡುವ ಜಾಗದಲ್ಲಿ ಮಾತು ಕೇಳಿಸಬೇಕು ಎಂಬುದು ಹೇಳಲೇಬೇಕಿಲ್ಲದ ವಿಷಯವೆನಿಸಿದರೂ ಅದೇ ಹೆಚ್ಚು ಕಡೆಗಣನೆಗೆ ಒಳಗಾಗಿದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಸಭಾಂಗಣದಲ್ಲಿ ಭಾಷಣವೇ ಅರ್ಥವಾಗದೆ ಹೋದಾಗ, ಅದನ್ನು ಸರಿಪಡಿಸುವ ಕೆಲಸ ವ್ಯಾಲೇಸ್ ಸಬೈನ್ ಎಂಬ ಯುವ ಭೌತವಿಜ್ಞಾನಿಯ ಪಾಲಿಗೆ ಬಂತು. ಅಲ್ಲಿ ಒಂದು ಶಬ್ದ ಪೂರ್ತಿ ಅಡಗಲು ಸುಮಾರು 5.5 ಸೆಕೆಂಡು ಹಿಡಿಯುತ್ತಿತ್ತು, ಅಷ್ಟರಲ್ಲಿ ಭಾಷಣಕಾರ ಇನ್ನೂ ಹತ್ತಾರು ಪದಗಳನ್ನು ಆಡಿ ಮುಗಿಸಿರುತ್ತಿದ್ದ. ಸಬೈನ್ ಬೇರೊಂದು ರಂಗಮಂದಿರದ ಆಸನದ ದಿಂಬುಗಳನ್ನು ರಾತ್ರಿ ಹೊತ್ತು ತರಿಸಿ, ಹರವಿ, ಅಳೆದು, ಮೆತ್ತನೆಯ ವಸ್ತು ಹೆಚ್ಚಿದಷ್ಟೂ ಅನುರಣನ, ಅಂದರೆ ಶಬ್ದ ನಿಂತ ಮೇಲೂ ಉಳಿಯುವ ಮಾರ್ದನಿ, ತಗ್ಗುವ ನಿಯಮವನ್ನು ಕಂಡುಕೊಂಡರು. ನುಣುಪಾದ ಹಾಸುಗಲ್ಲು, ಬರಿಯ ಕಾಂಕ್ರೀಟ್ ಮತ್ತು ಗಾಜಿನಿಂದ ಕಟ್ಟಿದ ಮಕ್ಕಳ ಸಭಾಂಗಣಗಳು ಇಂದಿಗೂ ಅದೇ ತಪ್ಪನ್ನು ಮಾಡುತ್ತಿವೆ. ಅಲ್ಲಿ ಮಕ್ಕಳು ಗದ್ದಲ ಮಾಡುತ್ತಾರೆಂದು ಗದರಿಸಲಾಗುತ್ತದೆ, ಆದರೆ ಒಬ್ಬರ ಮಾತು ಕೇಳದೆ ಇನ್ನೊಬ್ಬರು ದನಿ ಏರಿಸುವಂತೆ ಮಾಡಿದ್ದು ಚಾವಣಿ.

ಬುರ್ಕಿನಾ ಫಾಸೊ ದೇಶದ ಗಾಂಡೊ ಎಂಬ ಹಳ್ಳಿಯಲ್ಲಿ, ಅದೇ ಊರಿನ ವಾಸ್ತುಶಿಲ್ಪಿ ಫ್ರಾನ್ಸಿಸ್ ಕೆರೆ 2001ರಲ್ಲಿ ಪೂರ್ಣಗೊಳಿಸಿದ ಪ್ರಾಥಮಿಕ ಶಾಲೆಯಲ್ಲಿ ಜನರ ದಾರಿಗಳು ಕಟ್ಟಡ ಏಳುವ ಮೊದಲೇ ಕೂಡಿದ್ದವು. ಮಣ್ಣಿನ ಇಟ್ಟಿಗೆಯ ಗೋಡೆಗಳನ್ನು ಊರಿನವರೇ ಕಟ್ಟಿದರು, ಹೆಂಗಸರು ನೀರು ಹೊತ್ತು ತಂದರು, ಮಕ್ಕಳು ಅಡಿಪಾಯಕ್ಕೆ ಕಲ್ಲು ಹೊತ್ತರು. ತಗಡಿನ ಚಾವಣಿಯನ್ನು ಗೋಡೆಯಿಂದ ಮೇಲಕ್ಕೆತ್ತಿ ನಿಲ್ಲಿಸಿದ್ದರಿಂದ, ಒಳಗಿನ ಬಿಸಿಗಾಳಿ ಇಟ್ಟಿಗೆಯ ಒಳಮಾಳಿಗೆಯ ಸಂದುಗಳ ಮೂಲಕ ಮೇಲೇರಿ ಹೊರಹೋಗುತ್ತದೆ. ಶಾಲೆಗೆ ಇನ್ನಷ್ಟು ಕೊಠಡಿಗಳು ಬೇಕಾದಾಗ, ಇಟ್ಟಿಗೆ ಮಾಡುವುದನ್ನು ಆಗಲೇ ಕಲಿತಿದ್ದ ಕೈಗಳು ಊರಿನಲ್ಲಿದ್ದವು.